ಮೀನು ಮಾರುವ ಫೆಲಿಸ್ಮಿನಾ ಮನೆಗೆ ಹೋಗಲಿಲ್ಲ

ಗಂಡ ತನಗೆ ಸುಳ್ಳು ಹೇಳಿದ್ದಾನೆ ಎಂಬುದು ಫೆಲಿಸ್ಮಿನಾಗೆ ತಿಳಿದದ್ದು ಲಿಸ್ಬನ್ನಿನ ಮೀನುಧಕ್ಕೆಯಲ್ಲಿ, ಬೂತಾಯಿ ತುಂಬಿದ ಬುಟ್ಟಿಯನ್ನು ತಲೆಗೇರಿಸಿಕೊಳ್ಳುವ ಹೊತ್ತಿನಲ್ಲಿ. ೧೯೧೦ನೇ ಇಸವಿಯ ಅಕ್ಟೋಬರ್ ತಿಂಗಳ ಮೊದಲ ವಾರ ಅದು. ರಾತ್ರಿಯಿಡೀ ಊರಿನ ಮೇಲ್ಭಾಗದಿಂದ ಕೋವಿಯ ಸದ್ದು ಕೇಳಿಬಂದಿತ್ತು. ರಾಜನ ಮೇಲೆ ದಂಡೇ ತಿರುಗಿಬಿದ್ದಿದೆಯಂತೆ, ಎರಡು ಪಾಳೆಯದ ಸಿಪಾಯಿಗಳು ಫಿರಂಗಿ ಎಳೆದುಕೊಂಡು ಹೋಗಿ ರೊಟುಂಡಾದ ದೊಡ್ಡ ವೃತ್ತದಲ್ಲಿ ಕೂತಿದ್ದಾರಂತೆ ಎಂದು ಧಕ್ಕೆಯ ತುಂಬಾ ಮಾತು. ಆದರೂ ದೋಣಿಗಳು ಬಂದಿದ್ದವು. ದೋಣಿ ಬಂದ ಮೇಲೆ ಮೀನು ಮಾರಲೇಬೇಕು.

ಪಕ್ಕದಲ್ಲಿ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದ ಹೆರ್ಮಿನಿಯಾ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಫೆಲಿಸ್ಮಿನಾ, ನಿನ್ ಗಂಡ ಹೊಳೆ ದಾಟಿ ಅಲ್ಮಾದಾಕ್ಕೆ ಹೋಗಿದಾನೆ ಅಂದಿದ್ದೆ ಅಲ್ವಾ?"

"ಹೂಂ ಅಕ್ಕ. ಅವರಕ್ಕಂಗೆ ಮೈ ಹುಷಾರಿಲ್ವಂತೆ."

"ಆ ಅಕ್ಕ ರೊಟುಂಡಾಕ್ಕೆ ಯಾವಾಗ ಮನೆ ಬದಲಾಯಿಸಿದ್ಲು?"

ಸುತ್ತಲಿದ್ದ ಹೆಂಗಸರು ನಕ್ಕರು. ಫೆಲಿಸ್ಮಿನಾ ನಗಲಿಲ್ಲ.

"ನಮ್ಮ ಅಳಿಯ ಬೆಳಿಗ್ಗೆ ಬ್ರೆಡ್ಡು ಹಾಕೋಕೆ ಆ ಕಡೆ ಹೋಗಿದ್ದ. ಕಣ್ಣಾರೆ ನೋಡ್ಕೊಂಡು ಬಂದಿದಾನೆ. ನಿನ್ ಜೆಫೆರೀನೋನೇ. ಕೈಯಲ್ಲಿ ಕೋವಿ ಹಿಡ್ಕೊಂಡು ನಿಂತಿದ್ನಂತೆ."

"ಕೋವಿನಾ? ಅವರಾ? ನಮ್ಮನೇಲಿ ಕೋಳಿ ಕೊಯ್ಯೋದು ನಾನು," ಎಂದಳು ಫೆಲಿಸ್ಮಿನಾ.

ಆ ಮಾತು ಸುಳ್ಳಲ್ಲ. ಜೆಫೆರೀನೋ ಮದ್ರಗೋವಾ ಕೇರಿಯ ಕ್ಷೌರಿಕ. ಸಣ್ಣ ಆಳು, ಅದಕ್ಕಿಂತ ಸಣ್ಣ ದನಿ. ಕುರ್ಚಿಯಲ್ಲಿ ಕೂತ ಗಿರಾಕಿಗಳು ಅವನ ಮಾತು ಕೇಳಿಸಿಕೊಳ್ಳಲು ಕತ್ತು ಹೊರಳಿಸಿ ಗಲ್ಲ ಕೊಯ್ಯಿಸಿಕೊಂಡದ್ದೂ ಉಂಟು. ಫೆಲಿಸ್ಮಿನಾಳದೋ, ಬೀದಿಯ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯ ನಾಲ್ಕನೇ ಅಂತಸ್ತಿನಲ್ಲಿ ಮಲಗಿದ ಮುದುಕಿ ಎದ್ದು ಮೀನಿಗೆ ತಟ್ಟೆ ತರುವಂಥ ಗಂಟಲು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಸಂಸಾರ. ಹುಟ್ಟಿದ ಇಬ್ಬರು ಮಕ್ಕಳನ್ನೂ ಒಂದೇ ಚಳಿಗಾಲದಲ್ಲಿ ಜ್ವರ ಕೊಂಡೊಯ್ದಿತ್ತು. ಆಮೇಲೆ ಮನೆಯಲ್ಲಿ ಮಾತಾಡುವುದು ಅವಳ ಪಾಲಿಗೆ, ಕೇಳುವುದು ಅವನ ಪಾಲಿಗೆ ಎಂದು ತಾನಾಗಿಯೇ ಹಂಚಿಕೆಯಾಗಿತ್ತು. ಈಚೆಗೆ ಒಂದು ವರ್ಷದಿಂದ ಅಂಗಡಿ ಮುಚ್ಚಿದ ಮೇಲೂ ನಾಲ್ಕಾರು ಜನ ಒಳಕೋಣೆಯಲ್ಲಿ ಉಳಿಯುತ್ತಿದ್ದರು. ಇಸ್ಪೀಟು ಇರಬೇಕೆಂದುಕೊಂಡು ಅವಳು ಸುಮ್ಮನಿದ್ದಳು. ಗಂಡಸಿಗೆ ಏನಾದರೂ ಒಂದು ಚಟ ಇರಲಿ ಎಂದು ಬಿಟ್ಟುಬಿಟ್ಟಿದ್ದಳು.

ಈಗ ಅವಳಿಗೆ ಸಿಟ್ಟು ಬಂತು. ಅವನು ಕೋವಿ ಹಿಡಿದದ್ದಕ್ಕಿಂತಲೂ ತನಗೆ ಹೇಳದೆ ಹಿಡಿದದ್ದಕ್ಕೆ ಬಂದ ಸಿಟ್ಟು ಹೆಚ್ಚು.

"ಬುಟ್ಟಿಗೆ ಒಂದು ಕೈ ಕೊಡು ಅಕ್ಕ," ಎಂದಳು.

"ಎಲ್ಲಿಗೆ ಹೊರಟೆ?"

"ಅತ್ತಿಗೆಗೆ ಮೈ ಹುಷಾರಿಲ್ವಲ್ಲ, ನೋಡ್ಕೊಂಡು ಬರ್ತೀನಿ."

ಸೆರಗಿನಂತೆ ಇಳಿಬಿದ್ದ ಶಾಲನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಏರು ಹತ್ತಲು ಹೊರಟಳು. ಊರೊಳಗೆ ಟ್ರಾಮು ನಿಂತಿತ್ತು. ಅಂಗಡಿಗಳು ಅರ್ಧ ಬಾಗಿಲು ತೆರೆದು ಬೀದಿಯನ್ನು ಇಣುಕಿ ನೋಡುತ್ತಿದ್ದವು. ರೊಸ್ಸಿಯೋ ಚೌಕದ ತುಂಬಾ ರಾಜನ ಸಿಪಾಯಿಗಳು. ನಿದ್ದೆಗೆಟ್ಟು ಕಣ್ಣು ಕೆಂಪಾದ ಒಬ್ಬ ಹವಾಲ್ದಾರ ಕೋವಿಯನ್ನು ಅಡ್ಡ ಹಿಡಿದ.

"ಎಲ್ಲಿಗಮ್ಮ?"

"ಮೇಲಕ್ಕೆ. ಮೀನು ಮಾರೋಕೆ."

"ಮೇಲೆ ಬಂಡಾಯದವರು ಕೂತಿದಾರೆ. ಕಾಣ್ಸಲ್ವಾ?"

"ಅವರಿಗೂ ಹೊಟ್ಟೆ ಇದೆ ಅಂದ್ಕೊಂಡಿದೀನಿ. ನಿಮಗೆ ಬೇಕಾ? ಈಗಷ್ಟೇ ದೋಣಿಯಿಂದ ಇಳಿದದ್ದು."

ಹವಾಲ್ದಾರ ಬುಟ್ಟಿಯತ್ತ ನೋಡಿದ. ಅವನ ಹಿಂದಿದ್ದವರೂ ನೋಡಿದರು. ಹಿಂದಿನ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಬಿದ್ದಂತಿರಲಿಲ್ಲ. ಅವಳು ಎರಡು ಹಿಡಿ ಬೂತಾಯಿ ತೆಗೆದು ಅವನ ಟೋಪಿಗೆ ಹಾಕಿದಳು. ಅವನು ಕೋವಿ ಸರಿಸಿ, "ದೊಡ್ಡ ಬೀದೀಲಿ ಹೋಗ್ಬೇಡ, ಗುಂಡು ಬೀಳ್ತವೆ. ಪಕ್ಕದ ಸಂದಿ ಹಿಡಿ," ಎಂದ. ರಾಜನಿಗೆ ಹೊಟ್ಟೆಗಿಲ್ಲದ ಸಿಪಾಯಿಗಳೇ ಕಾವಲು ಎಂಬುದನ್ನು ಫೆಲಿಸ್ಮಿನಾ ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು.

ರಾಜನೆಂದರೆ ಅವಳಿಗೆ ಅರಮನೆಯ ಹಿಂಬಾಗಿಲು. ವಾರಕ್ಕೆರಡು ಸಲ ಒಳ್ಳೆಯ ಜಾತಿಯ ಮೀನು ಸಿಕ್ಕಾಗ ಅಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದಳು. ಅಡುಗೆಮನೆಯ ಮೇಲ್ವಿಚಾರಕ ಮೂಗಿಗೆ ಕರವಸ್ತ್ರ ಹಿಡಿದು ಚೌಕಾಸಿ ಮಾಡುತ್ತಿದ್ದ. ಹಿಂದಿನ ರಾಜನನ್ನೂ ಅವನ ಹಿರಿಮಗನನ್ನೂ ನದಿ ದಡದ ಚೌಕದಲ್ಲಿ ಗುಂಡಿಟ್ಟು ಕೊಂದಾಗ ಅವಳಿಗೆ ಅಯ್ಯೋ ಎನಿಸಿತ್ತು. ಆಮೇಲೆ ಪಟ್ಟಕ್ಕೆ ಬಂದ ಹುಡುಗನನ್ನು ಒಮ್ಮೆ ಕುದುರೆಗಾಡಿಯಲ್ಲಿ ನೋಡಿ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ ಪಾಪ ಎಂದುಕೊಂಡಿದ್ದಳು. ಅದರಾಚೆಗೆ ಅವಳು ಯೋಚಿಸಿರಲಿಲ್ಲ.

ರೊಟುಂಡಾದಲ್ಲಿ ಅಡ್ಡಗಟ್ಟೆ ಎಂದರೆ ಅವಳು ಕೋಟೆಗೋಡೆಯಂಥದ್ದನ್ನು ನಿರೀಕ್ಷಿಸಿದ್ದಳು. ಇದ್ದದ್ದು ಕಡಿದ ಮರದ ಕೊಂಬೆ, ಉರುಳಿಸಿದ ಗಾಡಿ, ಯಾವುದೋ ಕಟ್ಟಡಕ್ಕೆ ತಂದಿಟ್ಟ ಇಟ್ಟಿಗೆ, ಕಿತ್ತ ಬಾಗಿಲು, ಒಂದು ಹಾಸಿಗೆ. ಅದರ ಹಿಂದೆ ಸಿಪಾಯಿಗಳಿಗಿಂತ ಬೀದಿಯ ಜನವೇ ಹೆಚ್ಚು. ಅಚ್ಚುಕೂಟದವರು, ಗಾರೆಯವರು, ಜವಳಿ ಅಂಗಡಿಯ ಗುಮಾಸ್ತರು. ತೋಳಿಗೆ ಗಣರಾಜ್ಯ ಬೇಕೆನ್ನುವವರ ಕೆಂಪು ಹಸಿರು ಪಟ್ಟಿ. ಅವರ ನಡುವೆ ಬಿಳಿ ಅಂಗಡಿ ಬಟ್ಟೆಯನ್ನು ಎದೆಗೆ ಕಟ್ಟಿಕೊಂಡು ಜೆಫೆರೀನೋ ಕುಕ್ಕರಗಾಲಲ್ಲಿ ಕೂತು ಒಬ್ಬನ ಕೈಗೆ ಗಾಯದ ಪಟ್ಟಿ ಸುತ್ತುತ್ತಿದ್ದ. ಕೋವಿ ಪಕ್ಕದಲ್ಲಿ ಗಾಡಿಯ ಚಕ್ರಕ್ಕೆ ಒರಗಿತ್ತು.

ಅವಳು ಹಿಂದೆ ಹೋಗಿ ನಿಂತಳು. "ಅಕ್ಕ ಹೇಗಿದಾರೆ?"

ಅವನ ಕೈ ನಿಂತಿತು. ತಿರುಗದೆಯೇ ಹೇಳಿದ. "ಸ್ವಲ್ಪ ಪರವಾಗಿಲ್ಲ."

"ಜ್ವರ ಇಳೀತಾ?"

"ಫೆಲಿಸ್ಮಿನಾ, ನಾನು ನಿನಗೆ..."

"ಏಳ್ರೀ. ಆ ಬಟ್ಟೆ ಬಿಚ್ಚಿ. ಗಿರಾಕಿಗಳು ಗಡ್ಡ ಬಿಟ್ಕೊಂಡು ಬಾಗಿಲಲ್ಲಿ ಕಾಯ್ತಿರ್ತಾರೆ. ನಡೀರಿ ಮನೆಗೆ."

ಅವನು ಪಟ್ಟಿಯ ಗಂಟು ಹಾಕಿ ಮುಗಿಸಿದ. ಎದ್ದು ನಿಂತು ಅವಳ ಮುಖ ನೋಡಿದ. "ಬರಲ್ಲ ಕಣೇ," ಎಂದ.

ಅದು ಎಂದಿನ ಸಣ್ಣ ದನಿಯೇ. ಆದರೆ ಅವನ ಬಾಯಿಂದ ಅವಳು ಈವರೆಗೆ ಕೇಳದ ಮಾತು. ಗಾಯಾಳು ಮೆಲ್ಲನೆ ಪಕ್ಕಕ್ಕೆ ಸರಿದ. ಗಂಡಹೆಂಡಿರ ಜಗಳಕ್ಕಿಂತ ಊರು ಕಾಯುವ ರಾಜನ ಗಾರ್ಡಿನವರ ಗುಂಡೇ ವಾಸಿ ಎಂದು ಅವನಿಗೆ ಅನಿಸಿರಬೇಕು.

ಅಷ್ಟು ಹೊತ್ತಿಗೆ ವೃತ್ತದ ಮಧ್ಯದಲ್ಲಿದ್ದ ಡೇರೆಯಿಂದ ಅಧಿಕಾರಿಗಳು ಹೊರಗೆ ಬಂದರು. ಬೆಳಗಿನಿಂದ ಒಳಗೆ ಮಾತುಕತೆ ನಡೆದಿತ್ತಂತೆ. ನದಿಯಲ್ಲಿದ್ದ ಯುದ್ಧದ ಹಡಗುಗಳು ದಂಗೆ ಏಳಲಿಲ್ಲ, ಮುಂದಾಳಾಗಬೇಕಿದ್ದವನು ಪ್ರಾಣ ಕಳೆದುಕೊಂಡಿದ್ದಾನೆ, ಬರುತ್ತೇವೆಂದ ಪಾಳೆಯಗಳು ಬರಲಿಲ್ಲ, ಇನ್ನು ಉಳಿಯುವುದು ಬುದ್ಧಿಗೇಡಿತನ ಎಂದು ತೀರ್ಮಾನವಾಗಿತ್ತು. ಅವರು ಯಾರ ಕಣ್ಣನ್ನೂ ನೋಡಲಿಲ್ಲ. ಕೆಲವರು ಗಾಡಿಗಳ ಮರೆಗೆ ಹೋಗಿ ಸಮವಸ್ತ್ರ ಬಿಚ್ಚಿ ಯಾರಿಂದಲೋ ತರಿಸಿದ ಸಾದಾ ಕೋಟು ತೊಟ್ಟರು. ಮೀಸೆಗೆ ಮೇಣ ಹಚ್ಚಿ ತುದಿ ತಿರುವಿದ್ದ ಒಬ್ಬ ಕ್ಯಾಪ್ಟನ್, ತನಗೆ ಅಗಲವಾದ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಇವರ ಪಕ್ಕದಲ್ಲೇ ಹಾದುಹೋದ. ಫೆಲಿಸ್ಮಿನಾಳನ್ನು ನೋಡಿ ನಿಂತ.

"ಏನಮ್ಮಾ, ಇವನು ನಿನ್ ಗಂಡನಾ?"

"ಹೌದು ಸ್ವಾಮಿ."

"ಕರ್ಕೊಂಡು ಹೋಗು. ಎಲ್ಲಾ ಮುಗೀತು. ನಿಮ್ಮಂಥವರು ಇಲ್ಲಿ ಸುಮ್ನೆ ಯಾಕೆ ಸಾಯ್ಬೇಕು?"

ಅವಳು ಬಂದದ್ದೇ ಅದಕ್ಕೆ. ಹತ್ತು ನಿಮಿಷದ ಹಿಂದೆ ಅವಳೂ ಹೇಳಿದ್ದು ಅದನ್ನೇ. ಆದರೆ ಅದೇ ಮಾತು ಈ ಮನುಷ್ಯನ ಬಾಯಿಂದ, ಅದೂ ಎರವಲು ಕೋಟಿನೊಳಗಿಂದ ಬಂದಾಗ ಅವಳ ಮೈ ಉರಿಯಿತು. ಅರಮನೆಯ ಹಿಂಬಾಗಿಲಲ್ಲಿ ಮೂಗಿಗೆ ಹಿಡಿದ ಕರವಸ್ತ್ರ ಕಣ್ಣಮುಂದೆ ಬಂತು.

"ನಮ್ಮಂಥವರನ್ನ ಇಲ್ಲಿಗೆ ಕರೆಸಿದ್ದು ಯಾರು ಸ್ವಾಮಿ?" ಎಂದು ಕೇಳಿದಳು.

"ಏನು?"

"ನಿನ್ನೆ ರಾತ್ರಿ ಕರೆಯೋವಾಗ ನಾವು ಜನ. ದೇಶದ ಜನ. ಬೆಳಗಾಗೋದ್ರೊಳಗೆ 'ನಿಮ್ಮಂಥವರು' ಆಗ್ಬಿಟ್ವಾ? ಗಡ್ಡ ಹೆರೆಯೋ ಈ ಮನುಷ್ಯ ನಿಂತಿದಾರೆ. ನೀವು ಎಲ್ಲಿಗೆ ಹೊರಟ್ರಿ?"

"ಬಾಯಿ ಬಿಗಿಹಿಡಿ," ಎಂದ ಕ್ಯಾಪ್ಟನ್. ಆದರೆ ನಿಲ್ಲಲಿಲ್ಲ. ಬೇಗಬೇಗ ಹೆಜ್ಜೆ ಹಾಕಿ ಉದ್ಯಾನದ ಮರಗಳ ನಡುವೆ ಮರೆಯಾದ.

ನೌಕಾದಳದ ಒಬ್ಬ ಅಧಿಕಾರಿಯನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ದೊಡ್ಡವರೂ ಹೋಗಿಬಿಟ್ಟಿದ್ದರು. ಉಳಿದವರು ಸಾರ್ಜೆಂಟರು, ಸಿಪಾಯಿಗಳು, ಬೀದಿಯ ಜನ. ಬಾಲ್ಬಿನೋ ಎಂಬ ಅಗಲ ಭುಜದ ಸಾರ್ಜೆಂಟ್ ಮದ್ದಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ. ರಾತ್ರಿಯಿಡೀ ಕೂಗಿ ಅವನ ಗಂಟಲು ಒಡೆದಿತ್ತು.

"ಹೋಗೋರು ಈಗಲೇ ಹೋಗ್ಬೋದು. ಯಾರೂ ಏನೂ ಅನ್ನಲ್ಲ," ಎಂದ. "ನಾನಂತೂ ಇಲ್ಲೇ ಇರ್ತೀನಿ. ವಾಪಸ್ಸು ಹೋದ್ರೂ ನನ್ನನ್ನ ಗೋಡೆಗೆ ನಿಲ್ಸಿ ಸುಡ್ತಾರೆ. ಅವರು ಸಾಯ್ಸೋ ಕಡೆ ಸಾಯೋದಕ್ಕಿಂತ ನಾನು ನಿಂತ ಕಡೆ ಸಾಯ್ತೀನಿ."

ಕೆಲವರು ಕೋವಿ ಕೆಳಗಿಟ್ಟು ಹೋದರು. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿ ಹೆದರಿಕೆ ಇತ್ತು, ಅದು ಫೆಲಿಸ್ಮಿನಾಗೂ ಕಂಡಿತು. ಅವಳು ತಲೆಯ ಮೇಲಿನ ಬುಟ್ಟಿಯನ್ನು ನೆಲಕ್ಕಿಳಿಸಿದಳು.

"ಹೋಗೋರು ಹೋದ್ರಲ್ಲ? ಈಗ ಯಾರಾದ್ರೂ ಒಂದಿಷ್ಟು ಸೌದೆ ಒಡೆದು ಕೊಡಿ. ಮೀನು ಹಾಳಾಗ್ತಿದೆ."

ಮರದ ಸುತ್ತಲಿನ ಕಬ್ಬಿಣದ ಜಾಲರಿ ಕಿತ್ತು ತಂದು ಕೆಂಡದ ಮೇಲಿಟ್ಟರು. ಬೂತಾಯಿ ಸುಡುವ ವಾಸನೆ ಅಡ್ಡಗಟ್ಟೆಯುದ್ದಕ್ಕೂ ಹರಡಿತು. ಬ್ರೆಡ್ಡಿಲ್ಲ ಎಂದು ಯಾರೋ ಅಂದರು. ಅವಳು ದೊಡ್ಡ ಬೀದಿಯ ಸಿರಿವಂತರ ಮನೆಗಳ ಕೆಳಗೆ ಹೋಗಿ ನಿಂತು, ದಿನಾ ಮೀನು ಕೂಗುವ ರಾಗದಲ್ಲೇ ಕೂಗಿದಳು. "ಬ್ರೆಡ್ಡು ಹಾಕ್ರಮ್ಮೋ, ಹಳೇ ದುಪ್ಪಟಿ ಹಾಕ್ರಮ್ಮೋ, ವೈನಿದ್ರೆ ವೈನ್ ಹಾಕ್ರಮ್ಮೋ." ಮೊದಲ ಅಂತಸ್ತಿನ ಒಡತಿ ಕಿಟಕಿ ಮುಚ್ಚಿದಳು. ಅದೇ ಮನೆಯ ಮೇಲಿನ ಸಣ್ಣ ಕಿಟಕಿಯಿಂದ ಕೆಲಸದಾಕೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟಳು. ಅದರಲ್ಲಿ ಮೆಕ್ಕೆಜೋಳದ ಎರಡು ದಪ್ಪ ಬ್ರೆಡ್ಡು, ಒಡತಿಯದೇ ಇರಬೇಕಾದ ಕಸೂತಿ ಹಾಕಿದ ಹಾಸು.

"ನಿಮ್ಮಮ್ಮಾವ್ರು ಬಯ್ಯಲ್ವೇನೇ?" ಎಂದು ಫೆಲಿಸ್ಮಿನಾ ಕೆಳಗಿನಿಂದ ಕೇಳಿದಳು.

"ನಾಳೆ ಬಯ್ಯೋಕೆ ಅವರು ಇಲ್ಲಿರ್ತಾರೋ ಇಲ್ವೋ," ಎಂದು ಮೇಲಿನಿಂದ ಉತ್ತರ ಬಂತು.

ಜೆಫೆರೀನೋ ಆ ಹಾಸನ್ನು ಉದ್ದಕ್ಕೆ ಹರಿದು ಗಾಯದ ಪಟ್ಟಿ ಮಾಡಿದ. ಹರಿಯುವಾಗ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ಮೀನು ಮಗುಚುತ್ತಾ, "ಏನ್ ನೋಡ್ತೀರಿ? ಮನೆಗೆ ಹೋದ್ಮೇಲೆ ಇದೆ ನಿಮಗೆ," ಎಂದಳು. ಅವನು ತಲೆತಗ್ಗಿಸಿ ನಕ್ಕ.

ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಗಾರ್ಡಿನ ಕುದುರೆ ದಳ ದೊಡ್ಡ ಬೀದಿಯಲ್ಲಿ ಕಾಣಿಸಿತು. ಲಿಸ್ಬನ್ನಿನ ಬಡವರಿಗೆ ಗಾರ್ಡಿನವರೆಂದರೆ ಬೆನ್ನಿನ ಮೇಲಿನ ಬಾಸುಂಡೆ. ದೂರದಲ್ಲಿರುವಾಗಲೇ ಒಬ್ಬಿಬ್ಬರು ಗುಂಡು ಹಾರಿಸಿಬಿಟ್ಟರು. ಬಾಲ್ಬಿನೋ ಬೇಡ ಬೇಡ ಎಂದು ಕೈಬೀಸಿದ. ಗಂಟಲಿನಿಂದ ಸದ್ದೇ ಹೊರಡಲಿಲ್ಲ. ಅವನು ಫೆಲಿಸ್ಮಿನಾಳ ತೋಳು ಹಿಡಿದುಕೊಂಡ.

"ಅಕ್ಕಾ, ನಾನು ಹೇಳಿದ್ದನ್ನ ನೀವು ಕೂಗಿ."

"ಏನಂತ?"

"ಹತ್ರ ಬರ್ಲಿ, ಯಾರೂ ಹಾರಿಸ್ಬೇಡಿ ಅಂತ."

ಫೆಲಿಸ್ಮಿನಾ ಉರುಳಿಬಿದ್ದ ಗಾಡಿಯ ಮೇಲೆ ಹತ್ತಿ, ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆದಳು. ಕೂಗು ಅಡ್ಡಗಟ್ಟೆಯ ಎರಡೂ ತುದಿಗೆ ಮುಟ್ಟಿತು. ಕುದುರೆಗಳಿಗೂ ಮುಟ್ಟಿರಬೇಕು, ಮುಂದಿನದೊಂದು ಕಿವಿ ನಿಮಿರಿಸಿತು. ಜನ ತಡೆದು ಕೂತರು. ಖುರದ ಸದ್ದು ಎದೆಗೆ ಬಡಿಯುವಷ್ಟು ಹತ್ತಿರವಾಯಿತು. ಬಾಲ್ಬಿನೋ ಅವಳ ಕಾಲು ತಟ್ಟಿದ.

"ಈಗ," ಎಂದು ಅವಳು ಕೂಗಿದಳು.

ಕೋವಿಗಳೂ ಎರಡು ಫಿರಂಗಿಗಳೂ ಒಟ್ಟಿಗೆ ಸಿಡಿದವು. ಹೊಗೆ ಚದುರಿದಾಗ ಸವಾರರಿಲ್ಲದ ಕುದುರೆಗಳು ಬೀದಿಯ ತುಂಬಾ ಸುತ್ತುತ್ತಿದ್ದವು, ಗಾರ್ಡಿನವರು ಬಂದ ದಾರಿಯಲ್ಲಿ ಬೆನ್ನು ತೋರಿಸಿ ಓಡುತ್ತಿದ್ದರು. ಆ ಬೆನ್ನುಗಳನ್ನು ಲಿಸ್ಬನ್ನಿನವರು ಹಿಂದೆ ನೋಡಿರಲಿಲ್ಲ. ಗಾರೆಯವನೊಬ್ಬ ನಗಲು ಶುರುಮಾಡಿ ನಿಲ್ಲಿಸಲಾಗದೆ ಇಟ್ಟಿಗೆಯ ಮೇಲೆ ಕೂತುಬಿಟ್ಟ. ಆಮೇಲೆ ಮಧ್ಯಾಹ್ನದವರೆಗೂ ಅಡ್ಡಗಟ್ಟೆಗೆ ಫೆಲಿಸ್ಮಿನಾಳೇ ಕಹಳೆಯಾದಳು. ಬಾಲ್ಬಿನೋ ಕೆಳಗಿನಿಂದ ಹೇಳುತ್ತಿದ್ದ, ಅವಳು ಮೇಲಿನಿಂದ ಕೂಗುತ್ತಿದ್ದಳು. ಅವನು ಹೇಳದ ಒಂದೆರಡು ಮಾತನ್ನು ಗಾರ್ಡಿನವರ ತಾಯಂದಿರ ಕುರಿತು ತಾನೇ ಸೇರಿಸಿದಳು.

ನಡುಹಗಲಿಗೆ ನದಿಯ ಕಡೆಯಿಂದ ಬೇರೆಯೇ ಬಗೆಯ ಗುಡುಗು ಕೇಳಿತು. ಎಲ್ಲರೂ ಕಿವಿಗೊಟ್ಟರು. ಹಡಗುಗಳೂ ದಂಗೆ ಎದ್ದಿದ್ದವು. ಅವು ಅರಮನೆಯ ಮೇಲೆ ಗುಂಡು ಹಾಕುತ್ತಿವೆ ಎಂದು ಸೈಕಲ್ ತುಳಿದುಕೊಂಡು ಬಂದವನೊಬ್ಬ ಏದುಸಿರಲ್ಲಿ ಹೇಳಿದ. ರಾಜ ಮೋಟಾರು ಹತ್ತಿ ಊರು ಬಿಡುತ್ತಿದ್ದಾನಂತೆ.

"ಯಾವ ಬಾಗಿಲಿಂದ ಹೋದ್ನಂತೆ?" ಎಂದು ಫೆಲಿಸ್ಮಿನಾ ಕೇಳಿದಳು.

"ಅದೆಲ್ಲಾ ಗೊತ್ತಿಲ್ಲಮ್ಮ."

"ಹಿಂಬಾಗಿಲಿಂದ್ಲೇ ಇರ್ಬೇಕು. ನನಗೆ ಗೊತ್ತು ಆ ಬಾಗ್ಲು. ಮೆಟ್ಟಿಲು ಜಾರ್ತದೆ."

ಜನ ನಕ್ಕರು, ಜೆಫೆರೀನೋ ಎಲ್ಲರಿಗಿಂತ ಹೆಚ್ಚು ನಕ್ಕ. ಅವನು ಜೋರಾಗಿ ನಗುವುದನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ. ಮಕ್ಕಳು ಹೋದ ಮೇಲೆ ನೋಡಿದ ನೆನಪಿಲ್ಲ.

ರಾಜನ ಫಿರಂಗಿಗಳು ಬಂದದ್ದು ಅವರು ಕಾಯುತ್ತಿದ್ದ ಕಡೆಯಿಂದಲ್ಲ, ಹಿಂದಿನಿಂದ, ಜೈಲಿನ ಗೋಡೆಯ ಮಗ್ಗುಲಿನಿಂದ. ಮೊದಲ ಗುಂಡು ಉದ್ಯಾನದಲ್ಲಿ ಬಿತ್ತು. ಎರಡನೆಯದು ಪಕ್ಕದಲ್ಲಿ ನಿಂತಿದ್ದ ಒಂದು ಹುಲ್ಲಿನ ಗಾಡಿಗೆ. ಫಿರಂಗಿಗಳನ್ನು ಹಿಂದಕ್ಕೆ ತಿರುಗಿಸಲು ಇವರು ಚಕ್ರಕ್ಕೆ ಭುಜ ಕೊಟ್ಟರು. ಚಕ್ರದ ಬಳಿ ಕಾಲಿಗೆ ಪೆಟ್ಟಾಗಿ ಬಿದ್ದ ಅಚ್ಚುಕೂಟದ ಹುಡುಗನನ್ನು ಜೆಫೆರೀನೋ ಮರೆಗೆ ಎಳೆದು ತಂದ. ಅವನ ತೊಡೆಗೆ ಹಾಸಿನ ಪಟ್ಟಿ ಬಿಗಿಯುತ್ತಿದ್ದಾಗ ಮೂರನೆಯದೋ ನಾಲ್ಕನೆಯದೋ ಸಿಡಿಯಿತು.

ಧೂಳು ಇಳಿದಾಗ ಹುಡುಗ ಬದುಕಿದ್ದ. ಜೆಫೆರೀನೋ ಅವನ ಮೇಲೆ ಅಡ್ಡಬಿದ್ದಿದ್ದ. ಬೆನ್ನಿನ ಒಂದು ಕಡೆ ಅಂಗಿ ರಕ್ತದಲ್ಲಿ ನೆನೆದಿತ್ತು.

ಫೆಲಿಸ್ಮಿನಾ ಗಾಡಿಯಿಂದ ಹಾರಿ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವನು ಏನೋ ಹೇಳುತ್ತಿದ್ದ. ಅವಳು ಅವನ ಬಾಯಿಯ ಹತ್ತಿರ ಕಿವಿ ತಂದಳು.

"ನಿನಗೆ ಹೇಳ್ಬೇಕಾಗಿತ್ತು."

"ಹೇಳಿದ್ರೆ ಏನಾಗ್ತಿತ್ತು? ಯಾಕೆ ಹೇಳ್ಲಿಲ್ಲ?"

"ನೀನೂ ಬರ್ತೀಯ ಅಂತ."

"ಬಂದೇ ಬಂದ್ನಲ್ಲ," ಎಂದಳು.

ಅವನು ತಲೆಯಾಡಿಸಲು ನೋಡಿದ. ಹೌದು ಬಂದೆ ಎಂದು ಒಪ್ಪಿಕೊಂಡಂತೆ ಅವನ ಮುಖದಲ್ಲಿ ಒಂದು ಬಗೆಯ ಸಂತೋಷವೇ ಕಂಡಿತು. ಆಮೇಲೆ ಅವನ ಕೈ ಅವಳ ಬೆರಳುಗಳ ನಡುವೆ ಭಾರವಾಯಿತು.

ಅಷ್ಟು ಹೊತ್ತಿಗೆ ಇವರ ಫಿರಂಗಿಗಳು ತಿರುಗಿಕೊಂಡು ಉತ್ತರ ಕೊಡುತ್ತಿದ್ದವು. ಬಾಲ್ಬಿನೋ ಬಂದು ಮೊಣಕಾಲೂರಿದ. "ಅಕ್ಕಾ, ಇಬ್ಬರನ್ನ ಜೊತೆಗೆ ಕಳಿಸ್ತೀನಿ. ಭಾವನ್ನ ಕರ್ಕೊಂಡು ನೀವು ಮನೆಗೆ ಹೋಗ್ಬಿಡಿ. ನೀವು ಮಾಡಿದ್ದು ಸಾಕು."

ಅವಳು ಗಂಡನ ಕಣ್ಣು ಮುಚ್ಚಿದಳು. ತನ್ನ ಶಾಲನ್ನು ಬಿಚ್ಚಿ ಅವನಿಗೆ ಹೊದಿಸಿದಳು. ಅವನ ಎದೆಗೆ ಕಟ್ಟಿದ್ದ ಬಟ್ಟೆಯ ಜೇಬಿನಲ್ಲಿ ಉಳಿದಿದ್ದ ಪಟ್ಟಿಗಳನ್ನೂ ಕತ್ತರಿಯನ್ನೂ ತೆಗೆದುಕೊಂಡಳು.

"ನಿಮ್ಮನ್ನೆಲ್ಲ ಬಿಟ್ಟು ಹೋಗೋಕೆ ನಾನೇನು ಕ್ಯಾಪ್ಟನ್ನಾ?" ಎಂದಳು. "ಆ ಹುಡುಗನ ಕಾಲಿನ ಪಟ್ಟಿ ಅರ್ಧಕ್ಕೇ ನಿಂತಿದೆ. ಹೇಗೆ ಕಟ್ಟೋದು ಅಂತ ತೋರ್ಸು."

ಮೀನಿನ ಹೊಟ್ಟೆ ಸೀಳಿ ಒರಟಾದ ಕೈ ಅವಳದು. ಹುಡುಗ ನೋವಿಗೆ ಕಿರುಚಿದ. "ಅಳು, ಅತ್ರೆ ತಪ್ಪೇನಿಲ್ಲ. ಆದ್ರೆ ಕಾಲು ಅಲ್ಲಾಡಿಸ್ಬೇಡ," ಎಂದು ಅವಳು ಗಂಟು ಬಿಗಿದಳು. ತಾನು ಮಾತ್ರ ಅಳಲಿಲ್ಲ. ಸಂಜೆಗೆ ಗಾಡಿಯ ಮೇಲೆ ಹತ್ತಿ ಮತ್ತೆ ಕೂಗಿದಳು. ದನಿ ಒಡೆದು ಸೀಳಾಗಿತ್ತು, ಆದರೂ ಎರಡೂ ತುದಿಗೆ ಮುಟ್ಟುತ್ತಿತ್ತು.

ರಾತ್ರಿ ಕಳೆಯಿತು. ಬೆಳಿಗ್ಗೆ ಪರದೇಶದ ರಾಯಭಾರಿಯೊಬ್ಬ ಬಿಳಿಯ ಬಾವುಟ ಹಿಡಿಸಿಕೊಂಡು ದೊಡ್ಡ ಬೀದಿಯಲ್ಲಿ ಮೇಲೆ ಬಂದ. ತನ್ನ ದೇಶದವರು ಊರು ಬಿಡಲು ಸ್ವಲ್ಪ ಹೊತ್ತು ಗುಂಡು ನಿಲ್ಲಿಸಿ ಎಂದು ಕೇಳಿಕೊಳ್ಳಲು ಬಂದವನು ಅವನು. ಜನಕ್ಕೆ ಕಂಡದ್ದು ಬಿಳಿಯ ಬಾವುಟ ಮಾತ್ರ. ರಾಜನ ಕಡೆಯವರು ಸೋತರು ಎಂಬ ಕೂಗು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರಿತು. ಸಂದಿಗೊಂದಿಗಳಿಂದ ಜನ ಹೊಳೆಯಂತೆ ಹರಿದು ಬಂದರು. ಯಾರು ತಡೆದರೂ ನಿಲ್ಲುವ ಹೊಳೆಯಲ್ಲ ಅದು. ಫೆಲಿಸ್ಮಿನಾ ಅಡ್ಡಗಟ್ಟೆ ದಾಟಿ ಬೀದಿಯ ನಟ್ಟನಡುವೆ ಇಳಿದಳು. ಪಕ್ಕದಲ್ಲಿ ಬಾಲ್ಬಿನೋ. ರೊಸ್ಸಿಯೋದಲ್ಲಿ ರಾಜನ ಸಿಪಾಯಿಗಳು ಟೋಪಿ ತೆಗೆದು ಜನರನ್ನು ತಬ್ಬಿಕೊಳ್ಳುತ್ತಿದ್ದರು. ಕೋವಿಗಳು ರಾಶಿಬಿದ್ದಿದ್ದವು.

ನಗರಸಭೆಯ ಮುಂದಿನ ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಮಹಡಿಯ ಮೇಲಿನಿಂದ ಯಾರೋ ಗಣರಾಜ್ಯ ಎಂದು ಸಾರಿದರು. ಟೋಪಿಗಳು ಹಾರಿದವು. ಆ ಗದ್ದಲದಲ್ಲಿ ಫೆಲಿಸ್ಮಿನಾಗೆ ಒಂದು ಮೀಸೆ ಕಾಣಿಸಿತು. ಮೇಣ ಹಚ್ಚಿ ತುದಿ ತಿರುವಿದ ಮೀಸೆ. ಕ್ಯಾಪ್ಟನ್ ಮತ್ತೆ ಸಮವಸ್ತ್ರ ತೊಟ್ಟಿದ್ದ. ಎದೆಯ ಮೇಲೆ ಅಂಗೈಯಗಲದ ಕೆಂಪು ಹಸಿರು ಪಟ್ಟಿ. ಸುತ್ತಲಿನವರು ಅವನ ಕೈಕುಲುಕುತ್ತಿದ್ದರು.

ಅವಳು ಅವನ ಎದುರಿಗೆ ಹೋಗಿ ನಿಂತಳು. ಅವನು ಗುರುತು ಹಿಡಿದ. ಕೈ ಮೀಸೆಗೆ ಹೋಯಿತು.

ಅವಳು ಅವನನ್ನು ಬಯ್ಯಲಿಲ್ಲ. ಚೌಕದ ಕಡೆಗೆ ತಿರುಗಿ, ಒಡೆದ ದನಿಯಲ್ಲೇ ಮೀನು ಕೂಗುವ ರಾಗ ತೆಗೆದಳು. "ಬನ್ರಪ್ಪೋ ಬನ್ನಿ. ಹಳೇ ಮೀನು ನೋಡ್ಬನ್ನಿ. ನಿನ್ನೆ ಬೆಳಿಗ್ಗೆ ರೊಟುಂಡಾದಿಂದ ಜಾರಿ ಹೋದದ್ದು, ಇವತ್ತು ಪಟ್ಟಿ ಕಟ್ಕೊಂಡು ತಾಜಾ ಅಂತ ಮಾರೋಕೆ ಬಂದಿದೆ. ಕಿವಿರು ಎತ್ತಿ ನೋಡಿ ತಗೊಳ್ರಪ್ಪೋ."

ಮೊದಲು ನಕ್ಕದ್ದು ಬಾಲ್ಬಿನೋ. ಆಮೇಲೆ ರೊಟುಂಡಾದಿಂದ ಇಳಿದು ಬಂದವರೆಲ್ಲ. ಯಾರು ಏನು ಎಂದು ಗೊತ್ತಿಲ್ಲದವರೂ ಕೇಳಿ ತಿಳಿದುಕೊಂಡು ನಕ್ಕರು. "ತಲೆಕೆಟ್ಟ ಹೆಂಗಸು," ಎಂದು ಕ್ಯಾಪ್ಟನ್ ಗೊಣಗಿದ. ಕೈಕುಲುಕುತ್ತಿದ್ದವರ ಕೈ ಹಿಂದೆ ಸರಿಯಿತು. ಅವನು ಬೆವರು ಒರೆಸಿಕೊಂಡು, ಯಾರನ್ನೋ ಹುಡುಕುವವನಂತೆ ಹೊರಟುಹೋದ. ಅದರಿಂದ ಅವನಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ. ಕೆಲವು ವರ್ಷದಲ್ಲಿ ಅವನು ಕರ್ನಲ್ ಆದನೆಂದು ಅವಳ ಕಿವಿಗೆ ಬಿತ್ತು. ಹುಡುಗ ರಾಜ ಅದೇ ಮಧ್ಯಾಹ್ನ ತಾಯಿ, ಅಜ್ಜಿಯರೊಂದಿಗೆ ಎರಿಸೇರಾ ಊರಿನ ಮರಳದಂಡೆಯಲ್ಲಿ ಮೀನುಗಾರರ ದೋಣಿ ಹತ್ತಿ ದೇಶ ಬಿಟ್ಟ.

ಜೆಫೆರೀನೋನನ್ನು ಬಾವುಟ ಹೊದಿಸಿ ಮಣ್ಣುಮಾಡಿದರು. ಮದ್ರಗೋವಾ ಕೇರಿಯೆಲ್ಲ ಬಂದಿತ್ತು. ಮಾತಾಡಿದವರೆಲ್ಲ ಅವನನ್ನು ವೀರ ಎಂದರು. ಫೆಲಿಸ್ಮಿನಾ ಮಾತ್ರ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಖಾಲಿ ಕುರ್ಚಿಗೆ ಎರಡು ದಿನ ಬಯ್ದಳು. ಮೂರನೆಯ ದಿನ ಧಕ್ಕೆಗೆ ಹೋದಳು.

ಮುಂದಿನ ವಸಂತಕ್ಕೆ ಚುನಾವಣೆ ಬಂತು. ಓದು ಬರಹ ಬಲ್ಲವರು ಇಲ್ಲವೇ ಕುಟುಂಬದ ಯಜಮಾನರು ಮತ ಹಾಕಬಹುದು, ಹೆಸರು ಬರೆಸಿಕೊಳ್ಳಿ ಎಂದು ಸಾರಿದರು. ಫೆಲಿಸ್ಮಿನಾ ಕಪ್ಪು ಬಟ್ಟೆಯುಟ್ಟು, ಬರಿಗಾಲಲ್ಲಿ, ಬುಟ್ಟಿ ಹೊತ್ತುಕೊಂಡೇ ಕಚೇರಿಗೆ ಹೋದಳು. ಮೇಜಿನ ಹಿಂದೆ ಹೊಸ ಸರ್ಕಾರದ ಹೊಸ ಗುಮಾಸ್ತ, ಕನ್ನಡಕದ ಎಳೆಯ ಮುಖ.

"ಕುಟುಂಬದ ಯಜಮಾನ ಯಾರಮ್ಮ?"

"ನಾನೇ."

"ಅಲ್ಲಮ್ಮ, ಗಂಡಸು ಯಾರು?"

"ಗಂಡಸು ರೊಟುಂಡಾದಲ್ಲಿ ಸತ್ತ. ಮನೆ ನಡೆಸೋಳು ನಾನು. ಬಾಡಿಗೆ ಕಟ್ಟೋಳು ನಾನು. ಯಜಮಾನ ನಾನೇ."

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ಹೆಂಗಸರಿಗೆ ಅಲ್ಲಮ್ಮ ಈ ಕಾನೂನು."

"ಹಾಗಂತ ಬರೆದಿದೆಯಾ? ನನಗೆ ಓದೋಕೆ ಬರಲ್ಲ. ನೀವೇ ಓದಿ ಹೇಳಿ."

ಅವನು ಓದಿದ. ಮತ್ತೊಮ್ಮೆ ಓದಿದ. ಹೆಂಗಸರಿಗೆ ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ. "ಬರೆದಿಲ್ಲ," ಎಂದು ಒಪ್ಪಿಕೊಂಡ. "ಬರೆಯೋ ಅಗತ್ಯ ಇದೆ ಅಂತ ಯಾರಿಗೂ ಹೊಳೆದಿರಲಿಕ್ಕಿಲ್ಲ. ಮೇಲಿನವರನ್ನ ಕೇಳ್ಬೇಕು. ನಾಳೆ ಬಾ."

ಅವಳು ನಾಳೆ ಬಂದಳು. ನಾಳಿದ್ದೂ ಬಂದಳು. ಆಮೇಲೆ ದಿನಾ ಕಚೇರಿಯ ಬಾಗಿಲ ಪಕ್ಕದಲ್ಲೇ ಬುಟ್ಟಿಯಿಳಿಸಿ ವ್ಯಾಪಾರಕ್ಕೆ ಕೂತಳು. ಒಳಗಿನ ಕಡತಗಳಿಗೆಲ್ಲ ಬೂತಾಯಿಯ ವಾಸನೆ ಹತ್ತಿತು. ಬಟ್ಟೆ ಒಗೆಯುವ ವಿಧವೆಯೊಬ್ಬಳು ವಿಚಾರಿಸಿಕೊಂಡು ಬಂದು ತಾನೂ ಹೆಸರು ಬರೆಸಬೇಕೆಂದು ಸಾಲಲ್ಲಿ ನಿಂತಳು. ಅವಳ ಹಿಂದೆ ತಂಬಾಕು ಕಾರ್ಖಾನೆಯ ಇಬ್ಬರು.

ಒಂದು ಮಧ್ಯಾಹ್ನ ಗುಮಾಸ್ತ ಹೊರಗೆ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ. "ಎಷ್ಟು ದಿನ ಅಂತ ಹೀಗೆ ಕೂತಿರ್ತೀರಿ ತಾಯಿ? ಈ ಸಲ ಆಗಲ್ಲ ಅಂತ ಮೇಲಿಂದ ಹೇಳಿಯಾಗಿದೆ."

"ಆ ಮೇಲಿನವರು ನಿನ್ನೆ ಮೊನ್ನೆ ಎಲ್ಲಿದ್ರಪ್ಪ? ಕೆಳಗೇ ಇದ್ರಲ್ಲ," ಎಂದಳು ಫೆಲಿಸ್ಮಿನಾ. "ಈ ಸಲ ಅಲ್ದಿದ್ರೆ ಬರೋ ಸಲ. ನೀನು ಊಟಕ್ಕೆ ಹೊರಟಿದೀಯ ಅನ್ಸತ್ತೆ. ಹೋಗ್ಬಾ. ನಾನೆಲ್ಲೂ ಹೋಗಲ್ಲ."

ಗುಮಾಸ್ತ ಟೋಪಿಯನ್ನು ಕೈಯಲ್ಲೇ ಹಿಡಿದು ಬೀದಿಗಿಳಿದ. ತಂಬಾಕು ಕಾರ್ಖಾನೆಯ ಹೆಂಗಸರಲ್ಲಿ ಒಬ್ಬಳು ನೆಲದ ಮೇಲೆ ಕೂತು ಕಾಲು ಚಾಚಿಕೊಂಡಳು. ಫೆಲಿಸ್ಮಿನಾ ಅವಳಿಗೆ ಸರಿದು ಜಾಗ ಕೊಟ್ಟಳು.